ಶನಿವಾರದ ಯುಗಾದಿಗೆ ನಗಬ್ಯಾಡಿ

ಅಮೆರಿಕದಲ್ಲಿರೋ ನಮ್ ಮಕ್ಳು ಯುಗಾದಿನ ಶನಿವಾರಕ್ಕೆ ತಳ್ಳಿ ಮಾಡ್ತಾರೆ ಅಂತ ಇಲ್ಲಿ ಎಲ್ರಿಗೂ ಒಂದು ನಗು. 'ಹಬ್ಬ ಕಳೆದು ಹತ್ತು ದಿನಕ್ಕೆ ಒಬ್ಬಟ್ಟು ತಿಂತಾವ್ರೆ' ಅಂತ ಅತ್ತೆದೀರು, ಅತ್ತಿಗೆದೀರು ಗ್ರೂಪಲ್ಲಿ ಹಾಕಿದ್ದೇ ಹಾಕಿದ್ದು. ನಂಗೆ ಈ ನಗು ಹಿಡಿಸ್ನಿಲ್ಲ. ಬೈಯೋರು ಪೂರ್ತಿ ಓದಿ ಆಮೇಲೆ ಬೈರಿ.

ನಮ್ಮೂರ ಮಾರಿಹಬ್ಬದ ದಿನ ಗೊತ್ತು ಮಾಡೋರು ಯಾರು? ಊರ ಯಜಮಾನ್ರು. ಕುಯ್ಲು ಮುಗೀತಾ, ನೆಂಟ್ರು ಬರಕ್ಕಾಯ್ತದಾ ಅಂತ ನೋಡ್ಕಂಡು ವಾರ ಹೇಳ್ತಾರೆ. ಶ್ರೀರಂಗಪಟ್ಣದ ದಸರಾನೇ ತಕ್ಕಳಿ. 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ್ದು ಇಲ್ಲೇ. ಈಗ ಕಿರಂಗೂರು ಬನ್ನಿಮಂಟಪದಿಂದ ಜಂಬೂಸವಾರಿ ಹೊರಟು, ಮೂರ್ನಾಲ್ಕು ದಿನದಲ್ಲಿ ಎಲ್ಲಾ ಮುಗಿಸ್ಬುಡ್ತಾರೆ, ಮೈಸೂರಿನ ವಿಜಯದಶಮಿ ಬರೋಕೂ ಮುಂಚೆ. ಸರ್ಕಾರ ದಿನ ಬದಲಾಯ್ಸುದ್ರೆ ಉತ್ಸವ. ವಾರವೆಲ್ಲಾ ದುಡಿದು ಬಂದ ಹುಡುಗಿ ಬದಲಾಯ್ಸುದ್ರೆ ನಗೆಪಾಟಲು!

ಅಲ್ಲಿ ನಡೆಯೋದೆಲ್ಲಾ ಸರಿ ಅಂತಾನೂ ನಾನು ಹೇಳ್ತಿಲ್ಲ. ಕನ್ನಡ ಕೂಟಗಳು ಊರೂರಿಗೂ ಅವೆ. 2000ದಲ್ಲಿ ಹ್ಯೂಸ್ಟನ್ನಲ್ಲಿ ಶುರುವಾದ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನ 2024ರಲ್ಲಿ ರಿಚ್ಮಂಡ್‌ವರ್ಗೂ ಬಂದದೆ. ಆದ್ರೆ ನಮ್ ಹುಡುಗ್ರು ಕಳಿಸೋ ವಿಡಿಯೋದಲ್ಲಿ 'ಜಾನಪದ ನೃತ್ಯ' ಅಂದ್ರೆ ಮುಕ್ಕಾಲು ಪಾಲು ಸಿನಿಮಾ ಹಾಡು, ಬಾಡಿಗೆ ಸೀರೆ, ತಲೆ ಮೇಲೊಂದು ಪ್ಲಾಸ್ಟಿಕ್ ಬಿಂದಿಗೆ. ಯುಗಾದಿ ಅಂದ್ರೆ ನಮ್ಗೆ ಎರಡು ದಿನ, ಒಬ್ಬಟ್ಟಿಂದು ಒಂದು, ಹೊಸತೊಡಕಿಂದು ಒಂದು. ನಮ್ ಹುಡುಗ್ರು ಹೋಗೋ ಕೂಟದ ಊಟದಲ್ಲಿ ಒಬ್ಬಟ್ಟಿನ ದಿನ ಮಾತ್ರ. ಬಾಡೂಟ ಬಾಗಿಲು ಹಾಕ್ಕಂಡು ಮನೇಲಂತೆ. ಅರ್ಧ ಹಬ್ಬ ಸಂಸ್ಕೃತಿ ಆಯ್ತು, ಇನ್ನರ್ಧ ನಮ್ ಮಂಡ್ಯದೋರ ಗುಟ್ಟಾಯ್ತು. ಅದು ಬೇರೆ ಜಗಳ, ಇನ್ನೊಂದ್ಸಲ ಆಡುವ.

ಸಿನಿಮಾ ಹಾಡಿಗೆ ಕುಣೀತಾವ್ರಲ್ಲ, ಬೇರೆ ಹಾಡು ಅವುರ್ಗೆ ಯಾರು ಕೊಟ್ಟಿದ್ರು?

ನಮ್ಮಕ್ಕನ ಮಗಳು ನ್ಯೂಜೆರ್ಸಿಲಿ ಅವ್ಳೆ. ಮಗೀನ ತೊಟ್ಲಿಗಾಕೋ ಶಾಸ್ತ್ರಕ್ಕೆ 'ತೊಟ್ಲು ಪದ ಕಳ್ಸಿ ಚಿಕ್ಕವ್ವ' ಅಂತ ಕೇಳುದ್ಲು. ಗ್ರೂಪಲ್ಲಿರೋ ಮೂವತ್ತೊಂದು ಹೆಂಗಸ್ರಲ್ಲಿ ಒಬ್ರೂ ಹಾಡ್ನಿಲ್ಲ. ಹನ್ನೊಂದು ಜನ ಕೈ ಮುಗಿಯೋ ಚಿತ್ರ ಹಾಕುದ್ರು. ನಾಲ್ಕು ಜನ ಯೂಟ್ಯೂಬ್ ಲಿಂಕ್ ಹಾಕುದ್ರು. ಅಲ್ಲ ಕಣ್ರವ್ವ, ಆ ಲಿಂಕಲ್ಲಿ ನಿಮ್ ಮಗೀನ ಹೆಸ್ರು ಬತ್ತದಾ? ಸೋಬಾನೆ ಪದದಲ್ಲಿ ಮದುಮಗಳ ಹೆಸ್ರು, ಸೋದರಮಾವನ ಹೆಸ್ರು, ಮನೆದೇವ್ರ ಹೆಸ್ರು ಸೇರ್ಸಿ ಹಾಡ್ತಾರೆ. ಅದಕ್ಕೇ ಅದು ನಮ್ಮನೆ ಪದ. ಲಿಂಕು ಯಾರ ಮನೇದೋ.

ಇನ್ನು ಇಲ್ಲಿನ ಮದುವೆ ನೋಡಿ. ಹೋದ ವರ್ಷ ನಾಗಮಂಗಲದ ಕಡೆ ಒಂದು ಛತ್ರದಲ್ಲಿ, ಎಂಬತ್ತು ದಾಟಿದ ಅಜ್ಜಿ ಅರಿಶಿಣ ಹಚ್ಚುವಾಗ ಪದ ಎತ್ಕಂಡ್ರು. ಎರಡು ಸಾಲು ಆಗಿತ್ತೋ ಇಲ್ವೋ, 'ಅಜ್ಜಿ, ಒಸಿ ಸುಮ್ನಿರಿ, ವಿಡಿಯೋ ತೆಗೀತಾವ್ರೆ' ಅಂದ್ರು. ಆಮೇಲೆ ಡಿಜೆ ಹಾಕುದ್ರು. ಆ ವಿಡಿಯೋ ನೋಡಿ ಬೆಳೆಯೋ ಮಗ ಅಮೆರಿಕದಲ್ಲಿ ಡಿಜೆ ಹಾಕ್ದೆ ಇನ್ನೇನ್ ಹಾಕ್ತದೆ?

ಇದೇ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿ ಎಚ್.ಎಲ್. ನಾಗೇಗೌಡ್ರು, ಅಷ್ಟು ದೊಡ್ಡ ಅಧಿಕಾರಿ ಆಗಿದ್ದೋರು, ಹೆಂಗಸ್ರ ಬಾಯಿಂದ ಪದ ಬರಿಸ್ಕಂಡು 'ಸೋಬಾನೆ ಚಿಕ್ಕಮ್ಮನ ಪದಗಳು' ಅಂತ ಪುಸ್ತಕ ಮಾಡುದ್ರು. ರಾಮನಗರದತ್ರ ಜಾನಪದ ಲೋಕ ಕಟ್ಟುದ್ರು. ನಾವು ಮಕ್ಕಳ ಕರ್ಕಂಡು ಹೋಗಿ ಅಲ್ಲಿ ಫೋಟೋ ತೆಗೆಸ್ಕತೀವಿ. ಗಾಜಿನ ಪೆಟ್ಟಿಗೇಲಿರೋದನ್ನ ನೋಡಕ್ಕೆ ಪೆಟ್ರೋಲ್ ಹಾಕ್ಸ್ತೀವಿ, ನಮ್ಮನೆ ಜಗಲಿ ಮೇಲೆ ಕೂತಿರೋ ಅಜ್ಜಿನ ಸುಮ್ನಿರು ಅಂತೀವಿ.

ಅದುಕ್ಕೆ ನನ್ನ ಮಾತು ಇಷ್ಟೆ. ಮುಂದಿನ ಸಲ ಫೋನ್ ಮಾಡಿ 'ಎಷ್ಟು ಒಬ್ಬಟ್ಟು ಮಾಡ್ದೆ, ಯಾವ್ ಸೀರೆ ಉಟ್ಟೆ' ಅಂತ ಕೇಳೋ ಹೊತ್ತಲ್ಲಿ ಒಂದು ಪದ ಹೇಳ್ಕೊಡಿ. ದುಡ್ಡಿಲ್ಲ, ವೀಸಾ ಇಲ್ಲ, ಲಗೇಜಲ್ಲಿ ತೂಕ ಇಲ್ಲ. ತೊಟ್ಲು ಪದಕ್ಕೆ ನಾನು ಕೊನೆಗೆ ಪಾಂಡವಪುರದ ದೊಡ್ಡವ್ವನ್ನೇ ಹಿಡಿದೆ. ನಮ್ಗೆ ಬೆಳಿಗ್ಗೆ ಆರೂವರೆ, ಆ ಹುಡುಗಿಗೆ ರಾತ್ರಿ ಒಂಬತ್ತು. ದೊಡ್ಡವ್ವ ಒಂದು ಸಾಲು ಹೇಳಾದು, ಅವ್ಳು ತಿರುಗಿ ಹೇಳಾದು. ಹಿಂಗೆ ಆರು ದಿನ. ಅವ್ಳ ರಾಗ ಚೆನ್ನಾಗಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಶಾಸ್ತ್ರದ ದಿನ (ಹೂಂ, ಶನಿವಾರನೇ!) ಹಾಡುದ್ಲು, ಮಗೀನ ಹೆಸ್ರು ಸೇರ್ಸಿ. ಅಲ್ಲಿದ್ದ ಕೆ.ಆರ್. ಪೇಟೆ ಕಡೆ ಹುಡುಗಿ ಒಬ್ಳು, ನಮ್ಮಜ್ಜಿನೂ ಇದನ್ನೇ ಹೇಳೋದು ಅಂತ ದನಿಗೂಡಿಸುದ್ಲಂತೆ.

ದೊಡ್ಡವ್ವನ ಹತ್ರ ಇನ್ನೂ ಬೇಕಾದಷ್ಟವೆ. ಕಲೀಬೇಕು ಅನ್ನೋರು ಬೆಳಿಗ್ಗೆ ಕಾಫಿ ಹೊತ್ಗೆ ಫೋನ್ ಮಾಡಿ, ನಾನು ಕೊಡ್ತೀನಿ. ಬೀಗರ ಪದ ಮಾತ್ರ ಬೀಗರು ಮನೇಲಿಲ್ಲದ ದಿನ ಹೇಳ್ಕೊಡ್ತಾಳಂತೆ.