ಮೂರ್ಛೆಯಿಲ್ಲದವಳಿಗೆ ಮೂರ್ಛೆಯ ಗುಳಿಗೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿದೆ. ಅವಳ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ. ಮುಖದ ಒಂದು ಪಾರ್ಶ್ವದಲ್ಲಿ ಆಗಾಗ ಸಿಡಿಲೆರಗಿದಂತಹ ನೋವು. ಹಲ್ಲಿನದೆಂದು ತಿಳಿದು ಎರಡು ಗಟ್ಟಿ ದವಡೆಹಲ್ಲುಗಳನ್ನು ಕೀಳಿಸಿದ್ದಾಯಿತು; ನೋವು ಹೋಗಲಿಲ್ಲ. ಕೊನೆಗೆ ನರರೋಗ ತಜ್ಞರು ಕಾರ್ಬಮಜೆಪೈನ್ ಬರೆದುಕೊಟ್ಟರು. ಔಷಧದಂಗಡಿಯವನು "ಇದು ಫಿಟ್ಸ್ ಮಾತ್ರೆ ಅಲ್ಲವೇ" ಎಂದುಬಿಟ್ಟ. ಮನೆಯಲ್ಲಿ ಅದೇ ದೊಡ್ಡ ಸುದ್ದಿಯಾಯಿತು. ನಾಲ್ಕು ಜನಕ್ಕೆ ತಿಳಿದರೆ ಹೇಗೆಂದು ಅತ್ತೆಯವರು ಮಾತ್ರೆಯನ್ನೇ ಬಿಡಿಸಿದರು. ಮೂರನೆಯ ದಿನ ಅವಳಿಗೆ ಅನ್ನ ಜಗಿಯಲೂ ಆಗಲಿಲ್ಲ.

ನಾನು ವೈದ್ಯನಲ್ಲ, ವಿಜ್ಞಾನದ ಪಾಠ ಹೇಳಿದವನು. ಆದರೂ ಈ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯವಿದೆ: ಮಾತ್ರೆಯ ಹೆಸರಿಗೆ ಅಂಟಿಕೊಂಡ ಇನ್ನೊಂದು ರೋಗದ ನೆರಳಿಗೆ ಹೆದರಿ, ಕಣ್ಣೆದುರಿಗೆ ನರಳುವವರ ನೋವನ್ನು ಕಡೆಗಣಿಸುವುದು ಸಲ್ಲದು.

ನರಕೋಶದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದ್ದು ನಿಮಗೆ ನೆನಪಿರಬೇಕು (ಮರೆತವರು ನನ್ನ ತರಗತಿಯಲ್ಲಿ ನಿದ್ರಿಸಿದವರು!). ನರತಂತುವಿನ ಮೇಲೆ ಮೈಲಿನ್ ಎಂಬ ಹೊದಿಕೆಯಿದೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಕವಚವಿದ್ದಂತೆ ಎನ್ನಬಹುದು. ಪ್ಯಾರಿಸ್ಸಿನ ಶಾರ್ಕೋ 1868ರಲ್ಲಿ ವಿವರಿಸಿದ ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಮಿದುಳುಬಳ್ಳಿಗಳಲ್ಲಿನ ಆ ಹೊದಿಕೆಯನ್ನು ಕಿತ್ತುಹಾಕುತ್ತದೆ. ಬರಿದಾದ ತಂತು ಕಾರಣವಿಲ್ಲದೆಯೇ ಸಂಕೇತಗಳನ್ನು ಹಾರಿಸತೊಡಗುತ್ತದೆ. ಮುಖದ ನೋವು ಅದರ ಒಂದು ರೂಪ. ಕತ್ತು ಬಗ್ಗಿಸಿದೊಡನೆ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತಾಗುವುದು, ಕೈಕಾಲು ಹಠಾತ್ತನೆ ಸೆಟೆದುಕೊಳ್ಳುವುದು, ಮಾತು ತೊದಲುವುದು ಬೇರೆ ರೂಪಗಳು. ಪ್ರತಿಸಲವೂ ಕೆಲವು ಕ್ಷಣಗಳು, ಹೆಚ್ಚೆಂದರೆ ಒಂದೆರಡು ನಿಮಿಷ; ಆದರೆ ದಿನಕ್ಕೆ ಹತ್ತಾರು ಸಲ. ನಾವು ತಿರುಗಿ ನೋಡುವಷ್ಟರಲ್ಲಿ ಮುಗಿದಿರುತ್ತದೆ. "ಈಗ ತಾನೇ ಚೆನ್ನಾಗಿದ್ದಳಲ್ಲ" ಎಂಬ ಕೊಂಕು ಹುಟ್ಟುವುದು ಅಲ್ಲಿಯೇ.

ಇಂತಹ ನೋವಿಗೆ ಪ್ಯಾರಾಸಿಟಮಾಲ್ ನುಂಗಿ ಪ್ರಯೋಜನ ಕಾಣುವುದು ಅಪರೂಪ. ಗಾಯವಾಗಿ ನೊಂದ ಮಾಂಸಖಂಡದ ಕೂಗು ಅದಲ್ಲ, ತಂತಿಯೇ ಸುಳ್ಳು ಸುದ್ದಿ ಕಳುಹಿಸುತ್ತಿದೆ, ತಂತಿಯನ್ನೇ ಶಾಂತಗೊಳಿಸಬೇಕು. ಕಾರ್ಬಮಜೆಪೈನ್ ಮಾಡುವುದು ಆ ಕೆಲಸವನ್ನು. ನರಪೊರೆಯಲ್ಲಿ ಸೋಡಿಯಂ ನುಗ್ಗುವ ದ್ವಾರಗಳನ್ನು ತಡೆದು, ನರವು ಮೇಲಿಂದ ಮೇಲೆ ಸಿಡಿಯದಂತೆ ನೋಡಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ಶಿಂಡ್ಲರ್ 1953ರಲ್ಲಿ ತಯಾರಿಸಿದ ಈ ರಾಸಾಯನಿಕ ಮುಖದ ನರಶೂಲೆಗೆ ಒದಗುತ್ತದೆಂದು ಸ್ವೀಡನ್ನಿನ ಬ್ಲೂಮ್ ಎಂಬ ವೈದ್ಯರು 1962ರಲ್ಲಿಯೇ ವರದಿ ಮಾಡಿದ್ದರು. ಅಂದರೆ ನೋವಿಗೆ ಇದು ಎರವಲು ತಂದ ಔಷಧವೇನೂ ಅಲ್ಲ. ಎಡೆಬಿಡದ ಉರಿನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್ ಖಿನ್ನತೆಯ ಮಾತ್ರೆಯೆಂದೂ, ಗ್ಯಾಬಪೆಂಟಿನ್ ಮತ್ತೆ ಫಿಟ್ಸ್ ಮಾತ್ರೆಯೆಂದೂ ಹೆಸರಾಗಿವೆ. ತಲೆನೋವಿನ ಆಸ್ಪಿರಿನ್ನನ್ನು ಹೃದ್ರೋಗಕ್ಕಾಗಿ ದಿನವೂ ನುಂಗುವ ನಮ್ಮ ಹಿರಿಯರು ಅದಕ್ಕೆ ಎಂದಾದರೂ ನಾಚಿದ್ದುಂಟೇ?

ಹಾಗೆಂದು ಇವು ಕಲ್ಲುಸಕ್ಕರೆಯಲ್ಲ. ತಲೆಸುತ್ತು, ಮಂಪರು, ನಡಿಗೆಯಲ್ಲಿ ತೂರಾಟ ಬರಬಹುದು. ಮೊದಲೇ ನಡಿಗೆ ಅಸ್ಥಿರವಾದ ಈ ರೋಗಿಗಳಲ್ಲಿ ಅದನ್ನು ಕಾಯಿಲೆ ಉಲ್ಬಣಿಸಿತೆಂದೇ ಭಾವಿಸುವ ಅಪಾಯವಿದೆ. ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ರೂಪವಿರುವವರಲ್ಲಿ ಕಾರ್ಬಮಜೆಪೈನ್ ಚರ್ಮ ಸುಲಿಯುವಂತಹ ಪ್ರಾಣಾಂತಿಕ ಪ್ರತಿಕ್ರಿಯೆ ತರಬಲ್ಲದು. ಏಷ್ಯಾ ಮೂಲದವರಿಗೆ ಮೊದಲು ಆ ಪರೀಕ್ಷೆ ಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿ ಸೂಚಿಸಿದರು. ಮೈಮೇಲೆ ಗಂಧೆ ಎದ್ದರೆ, ಬಾಯಿ ಹುಣ್ಣಾದರೆ ಅಂದೇ ವೈದ್ಯರಲ್ಲಿಗೆ ಓಡಬೇಕು. ಉಳಿದಂತೆ ನಾವಾಗಿಯೇ ನಿಲ್ಲಿಸಬಾರದು. ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ನನ್ನು ಥಟ್ಟನೆ ಬಿಟ್ಟರಂತೂ ಭ್ರಮೆ, ಸೆಳವುಗಳೇ ಕಾಣಿಸಿಕೊಳ್ಳಬಹುದು.

ಈ ಮಾತುಗಳನ್ನೆಲ್ಲ ಚೀಟಿ ಬರೆಯುವಾಗಲೇ ಮನೆಯವರನ್ನು ಕೂರಿಸಿ ಹೇಳಬೇಕಾದವರು ವೈದ್ಯರು. ಹೊರಗೆ ಎಷ್ಟೇ ಜನ ಕಾದಿರಲಿ, ಐದು ನಿಮಿಷ ಅದಕ್ಕೆ ಮೀಸಲಿಡಲೇಬೇಕೆಂಬುದು ನನ್ನ ವಾದ. ನನ್ನ ಶಿಷ್ಯರಲ್ಲಿ ಹಲವರು ವೈದ್ಯರಾಗಿದ್ದೀರಿ, ಮೂವರು ಔಷಧದಂಗಡಿ ಇಟ್ಟಿದ್ದೀರಿ. ನಿಮ್ಮ ಅನುಭವವನ್ನು ಬರೆದು ತಿಳಿಸಿ. ಮನೆಯವರಿಗೆ ಇನ್ನೊಂದು ಸಮಾಧಾನದ ಮಾತೂ ಇದೆ: ಈ ಹಠಾತ್ ಸೆಳೆತಗಳು ಎಷ್ಟೋ ಮಂದಿಯಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾವಾಗಿಯೇ ಅಡಗುತ್ತವೆ. ಆಗ ವೈದ್ಯರೇ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನೋಡುತ್ತಾರೆ.