ಇಂದು ನಗದು, ನಾಳೆ ಉದ್ರಿ

‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ಕಾಣದ ಕನ್ನಡಿಗನಿಲ್ಲ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲುಗಡೆ, ದೇವರ ಪಟಕ್ಕೂ ಗೋಡೆಯ ಗಡಿಯಾರಕ್ಕೂ ನಡುವೆ, ಅದಕ್ಕೊಂದು ಶಾಶ್ವತವಾದ ಸ್ಥಾನವಿತ್ತು. ಆ ನಾಳೆ ಎಂದಿಗೂ ಬಾರದೆಂಬುದು ಅಂಗಡಿಕಾರನಿಗೂ ಗೊತ್ತು, ಗಿರಾಕಿಗೂ ಗೊತ್ತು. ಆದರೂ ಆ ಹಲಗೆಯ ಕೆಳಗೆಯೇ ಉದ್ರಿ ನಿರಾತಂಕವಾಗಿ ನಡೆದುಕೊಂಡು ಬಂದಿತೆಂಬುದೇ ಅದರ ವಿನೋದ. ಈಚಿನ ವರ್ಷಗಳಲ್ಲಿ ಸಿದ್ದಾಪುರದ ಪೇಟೆಯಲ್ಲಿ ಅದರ ಮಗ್ಗುಲಿಗೆ ಇನ್ನೊಂದು ಹಲಗೆ ಬಂದು ಕುಳಿತಿದೆ. ಅದರಲ್ಲಿರುವುದು ಕಪ್ಪು ಬಿಳುಪಿನ ಚೌಕಗಳ ಒಂದು ಚಿತ್ತಾರ. ಗಿರಾಕಿ ಅದರೆದುರು ಫೋನನ್ನು ಹಿಡಿಯುತ್ತಾನೆ. ಪುಟ್ಟ ಪೆಟ್ಟಿಗೆಯೊಂದು ಇಷ್ಟು ರೂಪಾಯಿ ಬಂದಿತೆಂದು ಅಂಗಡಿಗೆಲ್ಲ ಕೇಳುವಂತೆ ಸಾರುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ನೋಟಿಲ್ಲ, ನಾಣ್ಯವಿಲ್ಲ, ‘ಚಿಲ್ಲರೆ ಇಲ್ಲ, ಚಾಕಲೇಟು ತಗೊಳ್ಳಿ’ ಎಂಬ ಮಾತೂ ಇಲ್ಲ.

ಇದನ್ನು ಕಂಡು ಜನ ಎರಡು ಪಕ್ಷವಾಗಿದ್ದಾರೆ. ನಗದು ಹಣ ಹಳೆಯ ಕಾಲದ್ದು, ಕಳ್ಳರಿಗೂ ತೆರಿಗೆ ತಪ್ಪಿಸುವವರಿಗೂ ಅನುಕೂಲವಾದದ್ದು, ಅದು ಬೇಗನೆ ತೊಲಗಿದಷ್ಟೂ ದೇಶಕ್ಕೆ ಲೇಸು ಎಂಬುದು ಒಂದು ಪಕ್ಷ. ಕಾರ್ಡಿನ ಹಣ, ಫೋನಿನ ಹಣ ಕಣ್ಣಿಗೆ ಕಾಣದ ಹಣ. ಹೋದುದು ತಿಳಿಯುವುದಿಲ್ಲ, ಉಳಿದುದು ಕಾಣುವುದಿಲ್ಲ, ಮನೆ ಹಾಳಾಗುವುದಕ್ಕೆ ಇನ್ನೇನು ಬೇಕು ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಒಂದು ಸಂಗತಿಯನ್ನು ಮಾತ್ರ ಚರ್ಚೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ: ನಗದಿಲ್ಲದ ವ್ಯವಹಾರವೆಂಬುದು ಹೊಸ ಕಾಲದ ಸೃಷ್ಟಿ ಎಂದು. ವಿಚಾರಿಸಿ ನೋಡಿದರೆ ಆ ಮಾತೇ ಸಡಿಲವಾದುದು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗರಿಗೆ ನಗದಿಲ್ಲದ ವ್ಯವಹಾರ ಸುಮಾರು ಒಂದು ಶತಮಾನದ ಪರಿಚಯ. ಅಡಿಕೆಯ ಬೆಳೆ ಬರುವುದು ವರ್ಷಕ್ಕೊಮ್ಮೆ. ಹೊಟ್ಟೆಗೆ ಹಸಿವು ಬರುವುದು ದಿನಕ್ಕೆರಡು ಸಲ. ಈ ಎರಡರ ನಡುವಣ ಅಂತರವನ್ನು ತುಂಬುವುದಕ್ಕೆ ಹಿಂದೆ ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿತ್ತು. ಅವನು ಮುಂಗಡ ಕೊಡುವನು; ಕೊಟ್ಟವನ ವಖಾರಿಗೇ ಅಡಿಕೆ ಹೋಗುವುದು; ಅವನು ಹೇಳಿದ್ದೇ ದರ, ಅವನು ಬರೆದದ್ದೇ ಬಡ್ಡಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷವೇ, ಎಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿತು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಕಾನನ ಸೀಮೆಯಲ್ಲಿ, 1923ರಲ್ಲಿ, ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಆರಂಭವಾಯಿತು. ಮುಂದೆ ಸಿದ್ದಾಪುರದಲ್ಲಿಯೂ ಅದೇ ಬಗೆಯ ಮಾರಾಟ ಸಂಘ ಬೆಳೆಯಿತು.

ಈ ಸಂಘಗಳ ಮೂಲಕ ನಡೆಯುವ ಕ್ರಮ ಸರಳವಾದುದು. ಸದಸ್ಯನ ಅಡಿಕೆ ಮೂಟೆ ಸಂಘಕ್ಕೆ ಬರುತ್ತದೆ. ರಾಶಿ, ಚಾಲಿ, ಬೆಟ್ಟೆ ಎಂದು ಬೇರೆ ಬೇರೆಯಾಗಿ ವ್ಯಾಪಾರಿಗಳು ಟೆಂಡರು ಹಾಕುತ್ತಾರೆ. ಮಾರಿ ಬಂದ ಹಣ ಸದಸ್ಯನ ಖಾತೆಗೆ ಜಮೆಯಾಗುತ್ತದೆ. ಪಡೆದ ಸಾಲ ಅಲ್ಲಿಯೇ ಮುರಿಯುತ್ತದೆ. ಅಕ್ಕಿ, ಬೇಳೆ, ಗೊಬ್ಬರಗಳೆಲ್ಲ ಅದೇ ಖಾತೆಗೆ ಖರ್ಚು ಬೀಳುತ್ತವೆ. ವರ್ಷದ ವ್ಯವಹಾರದ ಬಹುಭಾಗ ನೋಟನ್ನು ಮುಟ್ಟದೆಯೇ ಮುಗಿದುಹೋಗುವುದುಂಟು. ಕಾರ್ಡು ಎಂಬ ಹೆಸರು ಹುಟ್ಟುವ ಮೊದಲೇ ಪಾಸ್‌ಪುಸ್ತಕವೊಂದು ಕಾರ್ಡಿನ ಕೆಲಸ ಮಾಡುತ್ತಿತ್ತು. ಅಷ್ಟೇ ಅಲ್ಲ, ಅದು ತೋಟಿಗನನ್ನು ಸಾಹುಕಾರನ ವಖಾರಿಯಿಂದ ಬಿಡಿಸಿತು. ಆದುದರಿಂದ ನಗದಿಲ್ಲದ ವ್ಯವಹಾರ ಮನೆ ಹಾಳುಮಾಡುವುದೆಂಬ ವಾದ ಈ ಸೀಮೆಯಲ್ಲಿ ನಿಲ್ಲುವಂತಹುದಲ್ಲ. ಖಾತೆ ತನ್ನ ಹೆಸರಿನದಾಗಿದ್ದು, ಅದರ ಲೆಕ್ಕ ತನ್ನ ಕಣ್ಣಿಗೆ ಕಾಣುವಂತಿದ್ದು, ಲೆಕ್ಕ ಬರೆಯುವವರನ್ನು ಕೇಳುವ ಅಧಿಕಾರ ತನಗಿದ್ದರೆ, ಅಂತಹ ಖಾತೆ ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ.

ಆದರೆ ಅದೇ ತೋಟದಲ್ಲಿ ಖಾತೆಯಿಲ್ಲದವರೂ ಇದ್ದರು. ಮರದಿಂದ ಮರಕ್ಕೆ ತೂಗಿ ದಾಟುತ್ತ ಅಡಿಕೆ ಕೊನೆಯನ್ನು ಇಳಿಸುವ ಕೊನೆಗೌಡನಿಗೆ ಮಾರಾಟ ಸಂಘದಲ್ಲಿ ಯಾವ ಸ್ಥಾನ? ರಾತ್ರಿಯವರೆಗೆ ಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರಿಗೆ ಯಾವ ಪಾಸ್‌ಪುಸ್ತಕ? ಅವರ ಲೆಕ್ಕ ಇರುತ್ತಿದ್ದುದು ಒಡೆಯರ ಮನೆಯ ಪುಸ್ತಕದಲ್ಲಿ. ಮಳೆಗಾಲದ ಅಕ್ಕಿಗೆ ಪಡೆದ ಮುಂಗಡ, ಕಾಯಿಲೆಗೆ ಪಡೆದ ಮುಂಗಡ, ಮಗಳ ಮದುವೆಗೆ ಪಡೆದ ಮುಂಗಡ ಎಲ್ಲವೂ ಅದರಲ್ಲಿ ಸಾಲುಸಾಲಾಗಿ ನಿಲ್ಲುತ್ತಿದ್ದುವು. ಓದಲು ಬಾರದವಳಿಗೆ ಅದರಲ್ಲಿ ಬರೆದದ್ದೇ ವೇದ. ಒಡೆಯರು ಧರ್ಮಿಷ್ಠರಾಗಿದ್ದರೆ ಸರಿ. ಇಲ್ಲವಾದರೆ ಕೇಳುವವರು ಯಾರು? ಅಂತಹವಳ ಅಂಗೈಗೆ ಸಂಜೆ ಬಿದ್ದ ನೋಟಿನ ಬೆಲೆ ಅದರ ಮೇಲೆ ಅಚ್ಚಾದ ಅಂಕಿಗಿಂತ ದೊಡ್ಡದು. ಆ ದಿನದ ಲೆಕ್ಕ ಆ ದಿನವೇ ಚುಕ್ತಾ. ನಾಳೆ ಇನ್ನೊಬ್ಬರ ತೋಟಕ್ಕೆ ಹೋದರೂ ಕೇಳುವ ಹಕ್ಕು ಯಾರಿಗೂ ಇಲ್ಲ. ಯಾರ ಹೆಸರಿನಲ್ಲಿ ಯಾರೂ ಖಾತೆಯನ್ನು ತೆರೆಯಲಿಲ್ಲವೋ ಅವರ ಸ್ವಾತಂತ್ರ್ಯ ನಗದಿನಲ್ಲಿತ್ತು.

ಹೀಗೆ ಬಂದ ನಗದಿನಲ್ಲಿ ಒಂದಿಷ್ಟು ಸಾಸಿವೆಯ ಡಬ್ಬಿಗೂ ಅಕ್ಕಿಯ ಮಡಕೆಗೂ ಹೋಗಿ ಸೇರುವುದು ಹೆಂಗಸರ ಹಳೆಯ ಪದ್ಧತಿ. ಗಂಡನ ಕುಡಿತಕ್ಕೂ ಮಗನ ಜೂಜಿಗೂ ಸಿಗದಂತೆ ಉಳಿದ ಹಣವದು. 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು, ಅಂದು ಮಧ್ಯರಾತ್ರಿಯಿಂದ 500 ಮತ್ತು 1000 ರೂಪಾಯಿಯ ನೋಟುಗಳು ಚಲಾವಣೆಗೆ ಸಲ್ಲವೆಂದು ಸಾರಿದಾಗ ಆ ಡಬ್ಬಿಗಳೆಲ್ಲ ಬಾಯಿ ತೆರೆಯಬೇಕಾಯಿತು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ ಸುಮಾರು 86 ಭಾಗ ನಾಲ್ಕು ಗಂಟೆಗಳಲ್ಲಿ ರದ್ದಾಯಿತು. ಅಡಿಕೆ ಕೊಯ್ಲಿನ ಹೊತ್ತು ಅದು. ಕೂಲಿ ಬಟವಾಡೆಗೆ ನೋಟಿಲ್ಲ. ನವೆಂಬರ್ 14ರಂದು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಹಳೆಯ ನೋಟುಗಳನ್ನು ಪಡೆಯಕೂಡದೆಂಬ ಆಜ್ಞೆಯೂ ಹೊರಟಿತು. ಸಹಕಾರವನ್ನೇ ನಂಬಿ ನಿಂತ ಸೀಮೆಗೆ ಅದು ಇನ್ನೊಂದು ಪೆಟ್ಟು. ಹೆಂಡತಿ ಹತ್ತು ವರ್ಷ ಗುಟ್ಟಾಗಿ ಕೂಡಿಟ್ಟ ಹಣವನ್ನು ಗಂಡನ ಕೈಗೇ ಕೊಟ್ಟು ಬ್ಯಾಂಕಿನ ಸಾಲಿಗೆ ಕಳುಹಿಸಬೇಕಾದ ಪ್ರಸಂಗ ದೇಶದಲ್ಲೆಲ್ಲ ಬಂದಿತು. ರದ್ದಾದ ನೋಟುಗಳಲ್ಲಿ ನೂರಕ್ಕೆ 99ಕ್ಕಿಂತಲೂ ಹೆಚ್ಚು ಮರಳಿ ಬಂದುವೆಂದು ರಿಜರ್ವ್ ಬ್ಯಾಂಕು ಬಳಿಕ ಲೆಕ್ಕ ಕೊಟ್ಟಿತು. ನೋಟುಗಳು ಬಂದುವು, ಡಬ್ಬಿಯ ಗುಟ್ಟು ಮಾತ್ರ ಮರಳಿ ಬರಲಿಲ್ಲ.

ಇದಕ್ಕೆ ಎದುರಾಗಿ ಹಿಂದಿನ ಒಂದು ಬದಲಾವಣೆಯನ್ನು ನೆನೆಯಬಹುದು. 1957ರ ಏಪ್ರಿಲ್ 1ರಂದು ಆಣೆ-ಪೈಗಳು ಹೋಗಿ ‘ನಯಾ ಪೈಸೆ’ ಬಂದಿತು. ರೂಪಾಯಿಗೆ ಹದಿನಾರು ಆಣೆಯೆಂದು ಬೆರಳ ಗೆಣ್ಣಿನಲ್ಲಿ ಎಣಿಸಿ ಕಲಿತವರಿಗೆ ನೂರರ ಲೆಕ್ಕ ಸುಲಭವಾಗಿರಲಿಲ್ಲ. ಆದರೆ ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ವರ್ಷ ಜೊತೆಜೊತೆಯಾಗಿ ನಡೆಯುವುದಕ್ಕೆ ಎಡೆಯಿತ್ತು. ಅಜ್ಜಿ ಆಣೆಯಲ್ಲಿ ಎಣಿಸಿದಳು, ಮೊಮ್ಮಗ ಪೈಸೆಯಲ್ಲಿ ಎಣಿಸಿದ, ಸಂತೆ ನಡೆಯಿತು. ಹಣದ ರೂಪ ಬದಲಾಗುವುದು ತಪ್ಪಲ್ಲ. ಜನರಿಗೆ ಉಸಿರಾಡಲು ಬಿಡದೆ ಬದಲಾಯಿಸುವುದು ತಪ್ಪು.

ಹಾಗೆಂದು ಖಾತೆಯ ಹಣ ಬಡವರಿಗೆ ಬೇಡವೆಂದು ಹೇಳುವುದೂ ಅನ್ಯಾಯವೇ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಿಂದ ಬ್ಯಾಂಕಿನ ಮೆಟ್ಟಿಲು ಹತ್ತದವರಿಗೂ ಖಾತೆ ದೊರೆಯಿತು. 2023ರ ಆಗಸ್ಟ್ 30ರಂದು ರಾಜ್ಯ ಸರಕಾರ ಆರಂಭಿಸಿದ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೇ ಜಮೆಯಾಗುತ್ತದೆ. ನಡುವೆ ಕೈಯೊಡ್ಡುವ ದಲಾಲನಿಲ್ಲ. ಸಾಸಿವೆ ಡಬ್ಬಿ ಮಾಡುತ್ತಿದ್ದ ಕೆಲಸವನ್ನು ಅವಳ ಖಾತೆಯೂ ಮಾಡಬಲ್ಲುದು. ಬಂದ ಹಣವನ್ನು ಬಿಡಿಸಿ ನೋಟಾಗಿಸಿಕೊಂಡು ಸಂತೆಗೆ ನಡೆಯುವುದೂ ಅವಳ ಇಷ್ಟ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಯುಪಿಐ ಮೂಲಕ 2000 ಕೋಟಿಗೂ ಮಿಕ್ಕಿ ಪಾವತಿಗಳಾದುವು. ಇತ್ತ 2016ರ ನವೆಂಬರಿನಲ್ಲಿ ಸುಮಾರು 17.7 ಲಕ್ಷ ಕೋಟಿ ರೂಪಾಯಿಯಷ್ಟಿದ್ದ ಚಲಾವಣೆಯ ನಗದು 2024ರ ಮಾರ್ಚಿಗೆ ಸುಮಾರು 35 ಲಕ್ಷ ಕೋಟಿಗೆ ಏರಿತು. ಒಂದು ಇನ್ನೊಂದನ್ನು ಕೊಲ್ಲಲಿಲ್ಲ, ಎರಡೂ ಬೆಳೆದುವು. ಜನರಿಗೆ ಎರಡೂ ಬೇಕಾಗಿವೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಏಕೆ ಬೇಕಾಗಿವೆ ಎಂಬುದನ್ನು ತಿಳಿಯಲು ಕಾನಸೂರು, ನಿಲ್ಕುಂದ, ಬಿಳಗಿಗಳ ಕಡೆಯ ಯಾವುದಾದರೊಂದು ಮನೆಯಂಗಳದಲ್ಲಿ ಬಟವಾಡೆಯ ಸಂಜೆಯನ್ನು ಊಹಿಸಿಕೊಂಡರೆ ಸಾಕು. ತೋಟದ ಯಜಮಾನರು ಫೋನನ್ನು ಕೈಗೆತ್ತಿಕೊಳ್ಳುತ್ತಾರೆ.

‘ಹೆಗಡೇರೆ, ಫೋನಿಗೆ ಹಾಕ್ಬೇಡಿ. ಕೈಗೇ ಕೊಡಿ’ ಎನ್ನುತ್ತಾಳೆ ಅಡಿಕೆ ಸುಲಿದ ಮುದುಕಿ.

‘ಯಾಕೆ ಮಾರಾಯ್ತಿ, ಮಗನ ಫೋನಿಗೆ ಹಾಕಿದ್ರೆ ಆಗ್ತದಲ್ಲ?’

‘ಮಗನ ಫೋನಿಗೆ ಬಂದ ರೊಕ್ಕ ಮಗಂದು. ಕೈಗೆ ಬಂದದ್ದು ನಂದು.’

ಅವಳ ಹಿಂದೆ ನಿಂತ ತರುಣನ ಮಾತು ಬೇರೆ: ‘ನಂಗೆ ಫೋನಿಗೇ ಹಾಕಿ ಹೆಗಡೇರೆ. ಕೈಲಿದ್ರೆ ಪೇಟೆ ದಾಟೂದ್ರೊಳಗೆ ಖಾಲಿ ಆಗ್ತದೆ.’

ಇಬ್ಬರಲ್ಲಿ ಸರಿ ಯಾರು? ಇಬ್ಬರೂ ಸರಿಯೆ. ಮುದುಕಿಗೆ ಬೇಕಾದುದು ತನ್ನದೆಂಬ ಹಣ. ತರುಣನಿಗೆ ಬೇಕಾದುದು ತನ್ನಿಂದಲೇ ಕಾಪಾಡಲ್ಪಟ್ಟ ಹಣ. ಹಣದ ರೂಪವನ್ನು ಕುರಿತು ದೊಡ್ಡ ದೊಡ್ಡ ಸಭೆಗಳಲ್ಲಿ ನಡೆಯುವ ಚರ್ಚೆಯ ಸಾರವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. ಮುದುಕಿಯನ್ನು ಹಳೆಯ ಕಾಲದವಳೆಂದು ನಕ್ಕು ಮಗನ ಫೋನಿಗೆ ಹಣ ಕಳುಹಿಸಿದರೆ, ಹೊಸ ಯಂತ್ರದ ಮೂಲಕ ಹಳೆಯ ಪರಾಧೀನತೆಯನ್ನೇ ಅವಳ ತಲೆಗೆ ಕಟ್ಟಿದಂತಾಗುತ್ತದೆ.

ಖಾತೆಗೆ ಇನ್ನೊಂದು ಗುಣವಿದೆ: ಅದು ಯಾವುದನ್ನೂ ಮರೆಯುವುದಿಲ್ಲ. 2025ರ ಜುಲೈಯಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಇದರ ಅನುಭವ ಚೆನ್ನಾಗಿ ಆಯಿತು. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ತರಕಾರಿ, ಚಹದ ಅಂಗಡಿಗಳವರಿಗೂ ಜಿಎಸ್‌ಟಿ ನೋಟೀಸು ಕಳುಹಿಸಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಆ ಚೌಕದ ಚಿತ್ತಾರವನ್ನು ಕಿತ್ತು ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದುವು. ಕೊನೆಗೆ ಮುಖ್ಯಮಂತ್ರಿಗಳು ವರ್ತಕರನ್ನು ಕರೆದು ಮಾತನಾಡಿ, ಹಳೆಯ ಬಾಕಿಯ ವಸೂಲಿಯಿಲ್ಲ, ಆದರೆ ನೋಂದಣಿ ಆಗಬೇಕು ಎಂದು ತಿಳಿಸಿದ ಮೇಲೆ ಗದ್ದಲ ಅಡಗಿತು. ಸಲ್ಲಬೇಕಾದ ತೆರಿಗೆ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅನುಕೂಲವೆಂದು ಗೋಡೆಗೆ ಅಂಟಿಸಿದ ಕಾಗದ ತನ್ನ ಮೇಲೆಯೇ ಸಾಕ್ಷಿ ನುಡಿಯುವುದೆಂಬುದನ್ನು ವ್ಯಾಪಾರಿಗೆ ಮೊದಲೇ ತಿಳಿಯಹೇಳಬೇಕಾಗಿತ್ತು. ತಿಳುವಳಿಕೆಯಿಲ್ಲದೆ ಹುಟ್ಟಿದ ನಂಬಿಕೆ ಒಂದು ನೋಟೀಸಿಗೆ ಮುರಿಯುತ್ತದೆ.

ಇನ್ನು ಪ್ರಕೃತಿಯ ಮಾತು. ಆಷಾಢದ ಗಾಳಿಮಳೆಗೆ ಮಲೆನಾಡಿನಲ್ಲಿ ಮರ ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ಹೋಯಿತು. ಅದರ ಹಿಂದೆಯೇ ಫೋನಿನ ಸಂಕೇತವೂ ಹೋಯಿತು. ಆಗ ಖಾತೆಯಲ್ಲಿ ಲಕ್ಷವಿದ್ದವನೂ ಅರ್ಧ ಲೀಟರ್ ಹಾಲಿಗೆ ಕೈಕಟ್ಟಿ ನಿಲ್ಲಬೇಕು. ಇದು ಹಿಂದುಳಿದ ಹಳ್ಳಿಯ ಗೋಳೆಂದು ತಿಳಿಯಬೇಕಾಗಿಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಹಗಲಿನಲ್ಲಿಯೇ ವಿದ್ಯುತ್ತು ನಿಂತಾಗ ಕಾರ್ಡುಗಳೆಲ್ಲ ನಿಷ್ಪ್ರಯೋಜಕವಾಗಿ, ಜೇಬಿನಲ್ಲಿ ನಾಣ್ಯವಿದ್ದವನೇ ಧನಿಕನಾದ. 1661ರಷ್ಟು ಹಿಂದೆಯೇ ಯೂರೋಪಿನಲ್ಲಿ ಮೊದಲಿಗೆ ಕಾಗದದ ನೋಟನ್ನು ಹೊರಡಿಸಿದ ಸ್ವೀಡನ್, ಅದನ್ನು ಬಿಡುವುದರಲ್ಲಿಯೂ ಮುಂದಾಗಿತ್ತು. ಆದರೆ 2020ರಿಂದ ಅಲ್ಲಿಯ ದೊಡ್ಡ ಬ್ಯಾಂಕುಗಳು ನಗದಿನ ಸೇವೆಯನ್ನು ಕೊಡಲೇಬೇಕೆಂಬ ಕಾನೂನು ಜಾರಿಗೆ ಬಂದಿದೆ. ನೆರೆಯ ನಾರ್ವೆಯಲ್ಲಿ ಗಿರಾಕಿಯು ನಗದಾಗಿ ಪಾವತಿ ಮಾಡುವ ಹಕ್ಕನ್ನು 2024ರ ಅಕ್ಟೋಬರ್ 1ರಿಂದ ಬಲಪಡಿಸಿದ್ದಾರೆ. ಬಹಳ ದೂರ ಓಡಿದವರು ಹಿಂದಿರುಗಿ ನೋಡುತ್ತಿರುವಾಗ, ಈಗತಾನೆ ಓಡಲು ತೊಡಗಿದವರು ಅವರ ಅನುಭವವನ್ನು ಕೇಳಿಕೊಳ್ಳುವುದು ವಿವೇಕ.

ಮಾಡಬೇಕಾದ ಕಾರ್ಯ ದೊಡ್ಡದೇನೂ ಅಲ್ಲ. ಬ್ಯಾಂಕಿನವರು ಹಣ ಕೊಡುವ ಯಂತ್ರವನ್ನು ಬರಿದಾಗಲು ಬಿಡಬಾರದು. ಅಂಗಡಿಕಾರನು ಫೋನನ್ನು ಒಪ್ಪಿದಷ್ಟೇ ಸಂತೋಷದಿಂದ ಹರಿದ ಹತ್ತರ ನೋಟನ್ನೂ ಒಪ್ಪಬೇಕು. ಖಾತೆಯುಳ್ಳ ಪ್ರತಿಯೊಬ್ಬಳಿಗೂ ಅದರ ಲೆಕ್ಕ ಅವಳು ಓದಬಲ್ಲ ಕನ್ನಡದಲ್ಲಿ, ಓದಲಾಗದಿದ್ದರೆ ಕೇಳಿ ತಿಳಿಯುವಂತೆ, ಸಿಗಬೇಕು. ಓದುಬಂದ ಮಕ್ಕಳು ತಾಯಿಯ ಖಾತೆಯನ್ನು ತಮ್ಮ ಫೋನಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ, ಅದನ್ನು ತಾನೇ ನೋಡಿಕೊಳ್ಳಲು ತಾಯಿಗೆ ಕಲಿಸುವುದು ಮೇಲು. ಇವೆಲ್ಲಕ್ಕೂ ಮೊದಲು, ಕೂಲಿ ಕೊಡುವ ಯಜಮಾನರು ನೋಟಿಗೋ ಫೋನಿಗೋ ಕೈ ಹಾಕುವ ಮುನ್ನ ‘ಹೇಗೆ ಕೊಡಲಿ?’ ಎಂದು ಒಂದು ಮಾತು ಕೇಳಬೇಕು. ದುಡಿದದ್ದು ಆಕೆ, ಉತ್ತರವನ್ನೂ ಆಕೆಯೇ ಹೇಳಲಿ.