ಉಪ್ಪು ಬೆಂಕಿಯ ಕೆಲಸವನ್ನು ಮಾಡದು

ಕನ್ನಡ ಸಂಘದ ಪತ್ರಿಕೆಯಲ್ಲಿ ಹಂದಿಮಾಂಸದ ಮಾತೇಕೆಂದು ಮೂಗು ಮುರಿಯುವ ವಾಚಕರಿಗೆ ಮೊದಲೇ ಒಂದು ಉತ್ತರವನ್ನು ಒಪ್ಪಿಸುತ್ತೇವೆ. ನಮ್ಮವರಲ್ಲಿ ಅದನ್ನು ಉಣ್ಣುವವರಿದ್ದಾರೆ, ಉಣ್ಣದವರೂ ಇದ್ದಾರೆ. ಯಾರು ಏನನ್ನು ಉಣ್ಣಬೇಕೆಂಬುದು ಇಲ್ಲಿಯ ವಿಷಯವಲ್ಲ. ಉಣ್ಣುವವರು ಬೇಯಿಸದೆ ಉಣ್ಣಬಾರದೆಂಬುದಷ್ಟೇ ನಮ್ಮ ವಾದ. ಕೊಡಗಿನ ಪಂದಿಕರಿಯನ್ನು ಅಭಿಮಾನದಿಂದ ಹೊಗಳುವ ಕನ್ನಡಕ್ಕೆ ಗೋವೆಯ ಚೋರಿಸದ ಹೆಸರೆತ್ತಲು ಸಂಕೋಚವೇಕೆ?

ಮೊಲೆಂ ಗೋವೆಯ ಮೂಡಣ ಬಾಗಿಲು. ಅಲ್ಲಿಯ ತನಿಖಾ ಠಾಣೆಯನ್ನು ದಾಟಿ ಅನಮೋಡ ಘಟ್ಟವನ್ನೇರಿದರೆ ಕರ್ನಾಟಕ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಮಾಲೆಮಾಲೆಯಾಗಿ ತೂಗುವ ಚೋರಿಸವು ಈ ದಾರಿಯಾಗಿ ಬೆಳಗಾವಿ ಧಾರವಾಡಗಳ ಕಡೆಗೆ ಹೊರಟಾಗ ಮಾಂಸವೇನೋ ಘಟ್ಟವನ್ನು ಹತ್ತುತ್ತದೆ. ಅದನ್ನು ಬೇಯಿಸುವ ತಿಳಿವಳಿಕೆ ಮಾತ್ರ ಅನೇಕ ವೇಳೆ ಕೆಳಗೇ ಉಳಿದುಬಿಡುತ್ತದೆ.

ಉಪ್ಪು, ಹುಳಿ, ಖಾರ, ಬಿಸಿಲು, ಹೊಗೆ ಇವೆಲ್ಲವನ್ನೂ ಕಂಡ ಮಾಂಸಕ್ಕೆ ಮತ್ತೆ ಬೆಂಕಿಯೇಕೆ ಎಂಬುದು ಪ್ರತಿವಾದಿಗಳ ಪ್ರಶ್ನೆ. ಇದು ಉಪ್ಪಿನಕಾಯಿಯ ತರ್ಕ. ಮಾವಿನಮಿಡಿಯನ್ನು ಹಸಿಯಾಗಿಯೇ ತಿನ್ನಬಹುದು. ಉಪ್ಪು ಅದನ್ನು ಕಾಪಾಡಿದರೆ ಸಾಕು. ಹಂದಿಮಾಂಸದ ಮಾತು ಹಾಗಲ್ಲ. ಕಾಪಾಡುವುದು ಬೇರೆ, ಬೇಯಿಸುವುದು ಬೇರೆ. ಕರಾವಳಿಯವರು ಒಣಮೀನನ್ನು ಸುಡದೆ, ಹುರಿಯದೆ, ಸಾರು ಮಾಡದೆ ಬಾಯಿಗಿಡುವರೇ?

ಗೋವೆಯವರೇ ನಮಗೆ ಸಾಕ್ಷಿ. 1510 ರಲ್ಲಿ ಬಂದು 1961 ರ ಡಿಸೆಂಬರಿನವರೆಗೆ ಆಳಿದ ಪೋರ್ಚುಗೀಸರಿಂದ ಚೋರಿಸದ ಹೆಸರು ಬಂದಿತು. ತೆಂಗಿನ ಸೇಂದಿಯ ಹುಳಿ ಇಲ್ಲಿಯದೇ. ಮಳೆಗಾಲಕ್ಕೆಂದು ಬೇಸಗೆಯಲ್ಲಿ ಕೂಡಿಡುವ 'ಪುರುಮೆಂತ್' ಸಾಮಗ್ರಿಯಲ್ಲಿ ಒಣಮೀನಿನೊಡನೆ ಉಪ್ಪುಮಾಂಸಕ್ಕೂ ಚೋರಿಸಕ್ಕೂ ಸ್ಥಾನವುಂಟು. ಆದರೆ ಅಲ್ಲಿಯ ಗೃಹಿಣಿ ಚೋರಿಸವನ್ನು ಈರುಳ್ಳಿಯೊಡನೆ ನೀರಿನಲ್ಲಿ ಬೇಯಿಸಿಯೇ ಬಡಿಸುತ್ತಾಳೆ.

ಬೇಯದ ಹಂದಿಮಾಂಸದಲ್ಲಿ ಲಾಡಿಹುಳುವಿನ ಮರಿಗಳಿರಬಹುದು. ತಿಂದವನ ಕರುಳಿನಲ್ಲಿ ಅವು ಹುಳುವಾಗಿ ಬೆಳೆಯುತ್ತವೆ. ಅವನ ಮಲದೊಡನೆ ಹೊರಬಿದ್ದ ಮೊಟ್ಟೆಗಳು ಕೊಳೆಯಾದ ಕೈಗಳಿಂದ, ನೀರಿನಿಂದ ಮತ್ತೊಬ್ಬರ ಹೊಟ್ಟೆ ಸೇರಿ, ಮೆದುಳನ್ನು ಹೊಕ್ಕು, ಮೂರ್ಛೆರೋಗಕ್ಕೆ ಕಾರಣವಾಗುತ್ತವೆ. ಅರೆಬೆಂದುದನ್ನು ತಿಂದವನು ಒಬ್ಬ, ಮೂರ್ಛೆ ಬೀಳುವ ಮಗು ಇನ್ನೊಂದು! ಹಂದಿಮಾಂಸವನ್ನು ಎಂದೂ ಮುಟ್ಟದ ಮನೆಯೂ ಈ ಕೇಡಿಗೆ ಹೊರತಲ್ಲವೆಂಬುದನ್ನು ಮೂಗು ಮುರಿದವರು ಗಮನಿಸಲಿ. ಉಪ್ಪಿನ ಪ್ರಮಾಣವೂ ದಿನಗಳ ಲೆಕ್ಕವೂ ಸರಿಯಾಗಿದ್ದರೆ ಮರಿಗಳು ಸಾಯಬಹುದು. ಸರಿಯಾಗಿತ್ತೆಂದು ಸಂತೆಯಲ್ಲಿ ಕೊಂಡವನು ಬಲ್ಲನೇ? ಯುರೋಪಿನವರು ಒಣಮಾಂಸವನ್ನು ಹಾಗೆಯೇ ತಿನ್ನುವುದಿಲ್ಲವೇ ಎನ್ನುವವರು, ಅಲ್ಲಿ ಪರೀಕ್ಷಿಸಿದ ಮಾಂಸವನ್ನು ತಿಂಗಳುಗಟ್ಟಲೆ ಹದವರಿತು ಪಕ್ವಗೊಳಿಸುವರೆಂಬುದನ್ನು ಮರೆಯುತ್ತಾರೆ.

ಬೇಯಿಸುವ ಕ್ರಮ ಕಠಿಣವಲ್ಲ. ಉಪ್ಪುಮಾಂಸವನ್ನು ತೊಳೆದು, ನೀರನ್ನು ಬದಲಿಸುತ್ತ ಕೆಲವು ಗಂಟೆ ನೆನೆಯಿಡಬೇಕು; ಬಳಿಕ ಹೊಸ ನೀರಿನಲ್ಲಿ ಮುಳುಗಿಸಿ, ಒಮ್ಮೆ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಿ, ಮೆತ್ತಗಾಗುವವರೆಗೆ ಬೇಯಿಸಬೇಕು. ಒಂದು ಕಿಲೋ ತೂಗುವ ತುಂಡಿಗೆ ಒಂದು ಗಂಟೆಗಿಂತ ಹೆಚ್ಚೇ ಬೇಕಾದೀತು. ರುಚಿ ನೋಡದೆ ಉಪ್ಪು ಹಾಕಲಾಗದು. ಚೋರಿಸವನ್ನಾದರೆ ಕರುಳಿನ ಹೊದಿಕೆಯಿಂದ ಬಿಡಿಸಿ, ಈರುಳ್ಳಿಯೊಡನೆ ಸ್ವಲ್ಪ ನೀರಿನಲ್ಲಿ ಅರ್ಧ ಗಂಟೆಯಾದರೂ ಬೇಯಿಸಬೇಕು. ಬಣ್ಣವನ್ನು ನಂಬಬೇಡಿ, ಮೆಣಸಿನ ಕೆಂಪು ಹಸಿಯಲ್ಲಿಯೂ ಒಂದೇ, ಬೆಂದಾಗಲೂ ಒಂದೇ. ಅಡುಗೆಯ ಉಷ್ಣಮಾಪಕವಿದ್ದವರು ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿತೇ ಎಂದು ನೋಡಲಿ. ಹಸಿಮಾಂಸ ಮುಟ್ಟಿದ ಕೈಯನ್ನೂ ಹಲಗೆಯನ್ನೂ ಸಾಬೂನಿನಿಂದ ತೊಳೆಯಬೇಕು. ಲೋಳೆಗಟ್ಟಿದ, ನಾರುವ ಮಾಂಸವನ್ನು ಮಾತ್ರ ಎಷ್ಟು ಬೇಯಿಸಿದರೂ ಪ್ರಯೋಜನವಿಲ್ಲ. ಕೆಲವು ವಿಷಗಳು ಕುದಿನೀರಿಗೂ ಜಗ್ಗವು. ಅದನ್ನು ಎಸೆಯುವುದೇ ಲೇಸು.

ಗಡಿಯ ಈಚೆಗೆ ಮಾರುವ ವ್ಯಾಪಾರಿಗಳು ಪೊಟ್ಟಣದ ಮೇಲೆ 'ಇದು ಹಸಿಮಾಂಸ, ಚೆನ್ನಾಗಿ ಬೇಯಿಸಿರಿ' ಎಂದು ಕನ್ನಡದಲ್ಲಿ ಮುದ್ರಿಸಲೆಂದು ನಾವು ಒತ್ತಾಯಿಸುತ್ತೇವೆ. ಗೋವೆಯ ಕನ್ನಡಿಗರು ಊರಿನ ಬಂಧುಗಳಿಗೆ ಮಾಲೆಯನ್ನು ಕೊಡುವಾಗ ಈ ಮಾತನ್ನೂ ಜೊತೆಗೆ ಹೇಳಿ ಕಳುಹಿಸಲಿ.